ಬಾಯಲ್ಲಿ ಕಬ್ಬಿಣದ ರುಚಿ

ನಾವು ಗೆಳೆಯರಾದ ಮೊದಲ ಹಲವು ವರ್ಷ ಮಾತೆಲ್ಲ ನನ್ನದೇ ಆಗಿತ್ತು. ಅವನ ಬಾಯಿ ತುಂಬ ಮೊಳೆ ಇರುತ್ತಿತ್ತು.

ಹಳೆಯ ಸೋಫಾ, ಕುರ್ಚಿಗಳಿಗೆ ಹೊಸದಾಗಿ ಗಾದಿ ಕಟ್ಟುವುದು ಅವನ ಕಸುಬು. ಅವನ ಅಂಗಡಿ ಕೆಳಗೆ. ನಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬು ಅದೇ ಕಟ್ಟಡದ ಮೊದಲ ಮಹಡಿಯಲ್ಲಿ. ಮೆಟ್ಟಿಲು ಹತ್ತಬೇಕಾದರೆ ಅವನ ಬಾಗಿಲು ದಾಟಿಯೇ ಹೋಗಬೇಕು. ಬೀದಿಯವರೆಲ್ಲ ಅವನನ್ನು ಮೊಳೆ ಎಂದು ಕರೆಯುತ್ತಿದ್ದರು. ಅವನು ನನಗೆ ಸೂಜಿ ಎಂದು ಹೆಸರಿಟ್ಟ. ಮೊದಲ ಸಲ ಹಾಗೆ ಕರೆಯಲು ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಅಂಗೈಗೆ ಉಗಿದುಕೊಳ್ಳಬೇಕಾಯಿತು. ಅಷ್ಟು ಕಷ್ಟಪಟ್ಟು ಯಾರೂ ನನಗೆ ಹೆಸರಿಟ್ಟಿರಲಿಲ್ಲ.

ಈ ಕೆಲಸವನ್ನು ಹತ್ತಿರದಿಂದ ನೋಡದವರಿಗೆ ಮೊಳೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕುರ್ಚಿಯ ಚೌಕಟ್ಟಿಗೆ ಬಟ್ಟೆ ಬಿಗಿಯುವಾಗ ಒಂದು ಕೈ ಬಟ್ಟೆಯನ್ನು ಎಳೆದು ಹಿಡಿದೇ ಇರಬೇಕು. ಒಮ್ಮೆ ಸಡಿಲವಾಯಿತೋ, ಮತ್ತೆ ಮೊದಲಿಂದ. ಇನ್ನೊಂದು ಕೈಯಲ್ಲಿ ಸುತ್ತಿಗೆ. ಹಾಗಾದರೆ ಮೊಳೆಯನ್ನು ಯಾರು ಹಿಡಿಯಬೇಕು? ಬಾಯಿ. ಒಂದು ಹಿಡಿ ಚಿಕ್ಕ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದಲೇ ಒಂದೊಂದನ್ನು ತಿರುಗಿಸಿ, ತಲೆ ಹೊರಗೆ ಬರುವಂತೆ ತುಟಿಗಳ ನಡುವೆ ತಂದು ನಿಲ್ಲಿಸುವುದು. ಸುತ್ತಿಗೆಯ ಒಂದು ಮುಖದಲ್ಲಿ ಅಯಸ್ಕಾಂತ ಇರುತ್ತದೆ. ಅದನ್ನು ತುಟಿಯ ಬಳಿ ತಂದರೆ ಮೊಳೆ ಅಂಟಿಕೊಂಡು ಬರುತ್ತದೆ, ಮರುಗಳಿಗೆಯಲ್ಲಿ ಮರದೊಳಗಿರುತ್ತದೆ. ತುಟಿ, ಮರ, ತುಟಿ, ಮರ. ನೋಡುತ್ತ ನಿಂತರೆ ಕಣ್ಣಿಗೆ ಒಂಥರಾ ಮಂಪರು ಹತ್ತುತ್ತಿತ್ತು. ಅವನ ಅಪ್ಪ ಹೀಗೇ ಮಾಡುತ್ತಿದ್ದರು, ಅಪ್ಪನಿಗೆ ಕಲಿಸಿದವರೂ ಹೀಗೇ.

ಮೊಳೆಯ ಡಬ್ಬಿಯ ಮೇಲೆ ಶುದ್ಧೀಕರಿಸಿದ್ದು ಎಂದು ಅಚ್ಚಾಗಿರುತ್ತದೆ. ಕೊಂಡವರು ಬಾಯಿಗೆ ಹಾಕಿಕೊಳ್ಳುತ್ತಾರೆಂಬುದು ಮಾಡುವವರಿಗೂ ಗೊತ್ತು. ಇವನು ಮಾತ್ರ ಹಳೆಯ ಕುರ್ಚಿಗಳನ್ನು ಬಿಚ್ಚುವಾಗ ಕಿತ್ತ ಮೊಳೆಗಳನ್ನೂ ಚಡ್ಡಿಗೆ ಒರೆಸಿ ಅದೇ ಡಬ್ಬಿಗೆ ಸುರಿಯುತ್ತಿದ್ದ. ಯಾಕೆಂದು ಕೇಳಿದೆ.

"ಹಳೇ ಕಬ್ಬಿಣ ಗಟ್ಟಿ, ಸೂಜಿ. ಈಗಿನ ಮೊಳೆ ಒಂದೇಟು ಬಿದ್ರೆ ನಾಚ್ಕೊಂಡು ಬಗ್ಗತ್ತೆ."

ಬಾಯಿಗೆ ಹಾಕಿಕೊಂಡರೆ ಸಾಕು, ರುಚಿಯ ಮೇಲೇ ಮೊಳೆಯ ವಯಸ್ಸು ಹೇಳುತ್ತೇನೆ ಎಂಬ ಜಂಬವೂ ಇತ್ತು. ಪಂದ್ಯ ಕಟ್ಟಲು ಯಾರೂ ಮುಂದೆ ಬರಲಿಲ್ಲ.

ಒಳಕೋಣೆಯಲ್ಲಿ ಹೊಲಿಗೆಯಂತ್ರದ ಮುಂದೆ ಅವನ ಹೆಂಡತಿ. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ಗಾದಿಯ ಹೊರಬಟ್ಟೆಯನ್ನು ಅಳೆದು, ಕತ್ತರಿಸಿ, ಹೊಲಿಯುವುದು ಅವರ ಪಾಲು. ಯಂತ್ರದ ಸದ್ದನ್ನು ಮೀರಿ ಮಾತಾಡಿ ಅಭ್ಯಾಸವಾದ್ದರಿಂದ ಅವರ ಸಾಮಾನ್ಯ ದನಿಯೇ ಬೀದಿಗೆ ಕೇಳುತ್ತದೆ.

"ನಿಮ್ಮಿಬ್ರಿಗೂ ಜಗಳ ಆಡೋದೇ ಗೊತ್ತಿಲ್ವಾ ಅತ್ತಿಗೆ?" ಎಂದು ಒಮ್ಮೆ ಕೇಳಿದ್ದೆ.

"ಜಗಳಕ್ಕೆ ಇಬ್ರು ಬೇಕಲ್ಲ. ನಾನು ಬೈತೀನಿ, ಇವ್ರು ಟಕ್ ಟಕ್ ಅಂತಾರೆ. ನಮ್ಮಪ್ಪ ಹುಡುಗನ್ನ ನೋಡೋಕೆ ಅಂಗಡಿಗೇ ಬಂದಿದ್ರು. ಮನೆಗೆ ಬಂದು, ಹುಡುಗ ಬಹಳ ಗಂಭೀರ, ಒಂದು ಮಾತಿಗೆ ಇನ್ನೊಂದು ಆಡಲ್ಲ ಅಂದ್ರು. ಬಾಯಿ ತೆಗ್ಸಿ ನೋಡೋ ಬುದ್ಧಿ ಯಾರಿಗೂ ಬರ್ಲಿಲ್ಲ."

ಅವನು ಬಟ್ಟೆ ಎಳೆಯುತ್ತಲೇ ಹುಬ್ಬು ಮೇಲೇರಿಸಿದ. ಅದೇ ಅವನ ಉತ್ತರ.

ಐವತ್ತು ದಾಟಿದ ಮೇಲೆ ಅವನ ಬಲಗೈಯ ಗೆಣ್ಣುಗಳು ಊದಿಕೊಂಡವು. ಸುತ್ತಿಗೆಯ ಕೆಲಸ, ಬೆರಳಿಗೆ ಏಟು ಬಿದ್ದಿರಬೇಕೆಂದುಕೊಂಡೆವು. ಆಮೇಲೆ ಎಡಗೈಗೂ ಬಂತು. ಎಡಗೈಗೆ ಸುತ್ತಿಗೆ ಹಿಡಿದ ಪಾಪ ಇರಲಿಲ್ಲ. ಬೆಳಿಗ್ಗೆ ಎದ್ದರೆ ಮುಷ್ಟಿ ಮುಚ್ಚಲು ಆಗುತ್ತಿರಲಿಲ್ಲ. ಬಿಸಿನೀರಿನ ಬೋಗುಣಿಯಲ್ಲಿ ಕೈ ಇಟ್ಟುಕೊಂಡು ಕೂತರೆ, ಬಿಸಿಲು ಬೀದಿಗಿಳಿಯುವ ಹೊತ್ತಿಗೆ ಒಂದೊಂದೇ ಬೆರಳು ಅವನ ಮಾತು ಕೇಳುತ್ತಿತ್ತು. ಪಿನ್ನು ಹೊಡೆಯುವ ಗನ್ನನ್ನು ಯಾರೋ ತಂದುಕೊಟ್ಟರು. ಅದರ ಟ್ರಿಗರ್ ಒತ್ತುವುದು ಸುತ್ತಿಗೆಗಿಂತ ಕಷ್ಟ. ಮೇಲಾಗಿ ಹಳೆಯ ಮರ ಆ ಪಿನ್ನಿಗೆ ಸಿಗಿದುಹೋಗುತ್ತದೆ. ಅದನ್ನು ಕಪಾಟಿನ ಮೇಲಿಟ್ಟು ಮರೆತ.

ಒಂದು ದಿನ ನಾನು ಊಟಕ್ಕೆ ಇಳಿದಾಗ ಅವನು ಮೊಳೆಗಳನ್ನು ಉಗಿದು ಅಂಗೈಯಲ್ಲಿ ಹಿಡಿದು ಕಾಯುತ್ತಿದ್ದ. ಮಾತಾಡಬೇಕು ಎಂದು ಅದರ ಅರ್ಥ.

"ಕೈ ಹೋದ್ರೆ ನನ್ನತ್ರ ಇನ್ನೇನಿದೆ ಹೇಳು. ಓದಿಲ್ಲ, ವ್ಯಾಪಾರ ಬರಲ್ಲ, ಮಾತಂತೂ ಮೊದಲೇ ಬರಲ್ಲ. ಇರೋದು ಇದೊಂದೇ."

ಅವತ್ತೇ ಅವನ ರಕ್ತ ತೆಗೆದೆ. ಉರಿಯೂತವನ್ನು ತೋರಿಸುವ ಪರೀಕ್ಷೆಗಳೆಲ್ಲ ಜಾಸ್ತಿ ಬಂದವು. ದೊಡ್ಡಾಸ್ಪತ್ರೆಯಲ್ಲಿ ಕೀಲುಗಳ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಆಕೆ ಬೇಗ ಬೇಗ ಮಾತಾಡುವ, ನಿಧಾನಕ್ಕೆ ಕೈ ಮುಟ್ಟಿ ನೋಡುವ ಹೆಂಗಸು. ದೇಹ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ಸಂಧಿವಾತ ಇದು ಎಂದರು. ಜ್ವರ ಬರುತ್ತದಾ, ಮನೆಯಲ್ಲಿ ಯಾರಿಗಾದರೂ ಇತ್ತಾ, ಸಿಗರೇಟು ಸೇದುತ್ತೀರಾ ಎಂದೆಲ್ಲ ಕೇಳಿ, ಕೊನೆಗೆ, "ವಸಡಲ್ಲಿ ರಕ್ತ ಬರತ್ತಾ?" ಎಂದರು.

"ಇಲ್ಲ ಡಾಕ್ಟ್ರೇ," ಎಂದ. ಅವನು ಸುಳ್ಳು ಹೇಳುವವನಲ್ಲ. ಹೇಳಲಿಲ್ಲ ಕೂಡ.

ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟರು. ಸ್ವಲ್ಪ ಇಳಿಯಿತು. ಮತ್ತೆ ಏರಿತು. ಒಂದು ನೆಗಡಿ ಬಂದು ಹೋದರೂ ಸಾಕು, ಬೆರಳುಗಳು ಬೆಂಕಿ ಬಿದ್ದ ಹಾಗೆ ಕೆಂಪಾಗುತ್ತಿದ್ದವು. ಊರಿನ ಹಳೆಯ ನಾಟಕಮಂದಿರದವರು ತಮ್ಮ ಸೀಟುಗಳನ್ನೆಲ್ಲ ಹೊಸದಾಗಿ ಕಟ್ಟಿಕೊಡಬೇಕೆಂದು ಕೇಳಿಕೊಂಡು ಬಂದಾಗ ಅವನು ತಲೆ ಅಲ್ಲಾಡಿಸಿ ಕಳಿಸಿಬಿಟ್ಟ. ಬಾಗಿಲಲ್ಲಿ ನಿಂತು ಅವರು ತಿರುವಿನಲ್ಲಿ ಮರೆಯಾಗುವ ತನಕ ನೋಡಿದ. ಅಂಥ ಕೆಲಸಕ್ಕಾಗಿ ಅವನು ಇಡೀ ಆಯುಷ್ಯ ಕಾದಿದ್ದನೆಂದು ಅತ್ತಿಗೆ ಆಮೇಲೆ ಹೇಳಿದರು.

ಕೈಗೆ ಪೂರ್ತಿ ವಿಶ್ರಾಂತಿ ಬೇಕು ಎಂದು ಡಾಕ್ಟರು ಹಟ ಹಿಡಿದರು. ಅವನ ಮಗಳಿಗೆ ಆಗಷ್ಟೇ ಹೆರಿಗೆಯಾಗಿತ್ತು. ಬೇರೆ ಊರಿನಲ್ಲಿದ್ದ ಅವಳ ಮನೆಗೆ ಇವನನ್ನು ಕಳಿಸಿ ಅತ್ತಿಗೆ ಅಂಗಡಿ ನೋಡಿಕೊಂಡರು. ಅಲ್ಲಿ ಅವನಿಗೆ ಕೂಸನ್ನು ಎದೆಯ ಮೇಲೆ ಮಲಗಿಸಿಕೊಳ್ಳುವುದೊಂದೇ ಕೆಲಸ.

ಫೋನಿನಲ್ಲಿ ಎಂದೂ ಮಾತಾಡದ ಅವನು ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿದ.

"ಸೂಜಿ, ಒಂದು ವಿಚಿತ್ರ. ಇಲ್ಲಿಗೆ ಬಂದಾಗಿಂದ ಒಂದು ಮೊಳೆನೂ ಬಾಯಿಗೆ ಹಾಕಿಲ್ಲ."

"ಕೂಸಿನ ಮನೇಲಿ ಮೊಳೆ ಯಾಕೆ ಹಾಕ್ತೀಯ? ಅದ್ರಲ್ಲಿ ವಿಚಿತ್ರ ಏನು?"

"ಬಾಯಲ್ಲಿ ಮೊಳೆ ರುಚಿ ಹಾಗೇ ಇದೆ. ಎದ್ದ ತಕ್ಷಣ ಜಾಸ್ತಿ. ಅಳಿಯ ನಗ್ತಾನೆ, ಮಾವನಿಗೆ ಅಂಗಡಿ ನೆನಪಾಗ್ತಿದೆ ಅಂತ."

ನಾನು ಕೂತಲ್ಲೇ ನೆಟ್ಟಗಾದೆ. "ಈಗ ಹೋಗಿ ಬೆಳ್ಳಗಿರೋ ಸಿಂಕಲ್ಲಿ ಉಗುಳಿ ನೋಡು. ಫೋನ್ ಇಡಬೇಡ."

ಫೋನನ್ನು ಎಲ್ಲೋ ಇಟ್ಟ ಸದ್ದು. ಕೂಸು ಕೊಸರಿದ್ದು, ಮಗಳು ಏನಪ್ಪಾ ಎಂದದ್ದು ಕೇಳಿಸಿತು. ನಲ್ಲಿ ತಿರುಗಿತು. ಅವನು ಮರಳಿ ಬಂದಾಗ ದನಿ ಸಣ್ಣದಾಗಿತ್ತು.

"ಕೆಂಪಗಿದೆ."

"ಎಷ್ಟು ವರ್ಷದಿಂದ ಈ ರುಚಿ?"

"ಯಾವಾಗ್ಲೂ ಇತ್ತಲ್ಲಪ್ಪ. ಮೊಳೇದು ಅಂದ್ಕೊಂಡಿದ್ದೆ."

ರಕ್ತದಲ್ಲೂ ಕಬ್ಬಿಣವೇ ಇರುವುದು. ಬೇರೆ ಯಾರೇ ಆಗಿದ್ದರೂ ಬಾಯಲ್ಲಿ ಅಂಥ ರುಚಿ ಬಂದ ವಾರದಲ್ಲೇ ಕನ್ನಡಿ ನೋಡುತ್ತಿದ್ದರು. ಇವನಿಗೆ ಅದು ದುಡಿಮೆಯ ರುಚಿ. ಹದಿನಾರರ ವಯಸ್ಸಿನಿಂದ ಅದು ಅವನ ಬಾಯಲ್ಲಿತ್ತು. ಮೊಳೆಯ ರುಚಿ ಎಲ್ಲಿ ಮುಗಿದು ರಕ್ತದ ರುಚಿ ಎಲ್ಲಿ ಶುರುವಾಯಿತೆಂದು ಅವನ ನಾಲಿಗೆಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅವನು ಊರಿಗೆ ಬಂದಮೇಲೆ ನಾವಿಬ್ಬರೂ ಇದನ್ನು ಹೇಳಿಕೊಂಡು ಬಹಳ ನಕ್ಕೆವು. ನಗುವಾಗ ಅವನು ತುಟಿ ಮುಚ್ಚಿಕೊಂಡ, ಅದನ್ನೂ ನೋಡಿದೆ.

ಹಲ್ಲಿನ ಡಾಕ್ಟರು ಎಳೆಯ ಪ್ರಾಯದವರು. ದೀಪವನ್ನು ಬಗ್ಗಿಸಿ ಬಹಳ ಹೊತ್ತು ನೋಡಿದರು. ವಸಡು ಹಲ್ಲಿನಿಂದ ಬಿಟ್ಟು ಚೀಲದ ಹಾಗಾಗಿದೆ, ಒಳಗೆ ಸೋಂಕು ಬಹಳ ವರ್ಷದಿಂದ ಹೊಗೆಯಾಡುತ್ತಿದೆ ಎಂದರು. ಅವನು ನೋವೇ ಇಲ್ಲವಲ್ಲ ಎಂದ.

"ಅದಕ್ಕೇ ಇಷ್ಟು ದೂರ ಬಂದಿದ್ದು. ಮೊಳೆ ಒಂದೇ ಕಾರಣ ಅಂತ ಹೇಳಲ್ಲ, ಮೊಳೆ ಕಾಣದವ್ರಿಗೂ ಇದು ಬರತ್ತೆ. ಆದ್ರೆ ದಿನಾ ಸಣ್ಣ ಸಣ್ಣ ಗಾಯ ಮಾಡಿ, ಹಳೇ ಕುರ್ಚಿ ಕೊಳೆ ಸವರಿದ್ದೀರಲ್ಲ. ಬಾಗಿಲು ತೆಗೆದು ಒಳಗೆ ಕರೆದ ಹಾಗೆ."

ಅದನ್ನು ಬರೆದು ಕೊಟ್ಟ ಚೀಟಿಯೊಂದಿಗೆ ಮತ್ತೆ ಕೀಲುಗಳ ಡಾಕ್ಟರ ಬಳಿ ಹೋದೆವು. ಅವತ್ತು ಅತ್ತಿಗೆಯೂ ಬಂದಿದ್ದರು. ಡಾಕ್ಟರು ಚೀಟಿ ಓದಿ ಕುರ್ಚಿಗೆ ಒರಗಿದರು.

"ನಾನು ಕೇಳಿದ್ದೆ ನಿಮ್ಮನ್ನ."

"ನಾನೂ ನಿಜಾನೇ ಹೇಳಿದ್ದೆ ಡಾಕ್ಟ್ರೇ. ನಂಗೆ ಗೊತ್ತಿರ್ಲಿಲ್ಲ. ಆದ್ರೆ ಬಾಯಿಗೂ ಬೆರಳಿಗೂ ಏನು ಸಂಬಂಧ?"

ಆಕೆ ಹೇಳಿದ್ದನ್ನು ನನ್ನ ನೆನಪಿನಿಂದ ಬರೆಯುತ್ತಿದ್ದೇನೆ. ನಮ್ಮ ಮೈಯಲ್ಲಿ ಕಾವಲಿನವರು, ಅಂದರೆ ರಕ್ತದ ಬಿಳಿ ಕಣಗಳು, ಎರಡು ಬಗೆ. ಒಂದು ಬಗೆಯವು ಮುಖ ನೆನಪಿಟ್ಟುಕೊಳ್ಳುತ್ತವೆ: ಒಮ್ಮೆ ಬಂದ ರೋಗ ಮತ್ತೆ ಬಂದರೆ ಅದನ್ನೇ ಗುರುತಿಸಿ ಹಿಡಿಯುತ್ತವೆ. ಇನ್ನೊಂದು ಬಗೆಯವು ಹುಟ್ಟಿನಿಂದಲೇ ಬಂದವು. ಏನೇ ಗಲಾಟೆಯಾದರೂ ಮೊದಲು ಓಡಿಬಂದು, ಎದುರು ಯಾರೇ ಇರಲಿ, ಮೇಲೆ ಬೀಳುತ್ತವೆ. ಇವಕ್ಕೆ ನೆನಪೇ ಇಲ್ಲ ಎಂದು ಡಾಕ್ಟರುಗಳೆಲ್ಲ ಬಹಳ ಕಾಲ ನಂಬಿದ್ದರು. ಇತ್ತೀಚೆಗೆ ತಿಳಿದದ್ದೇನೆಂದರೆ, ಇವಕ್ಕೂ ನೆನಪಿದೆ. ಯಾರು ಕೆಣಕಿದರು ಎಂಬುದು ನೆನಪಿರುವುದಿಲ್ಲ; ಕೆಣಕಿದ್ದು ನೆನಪಿರುತ್ತದೆ. ಒಮ್ಮೆ ಚೆನ್ನಾಗಿ ಕೆರಳಿದವು ಮುಂದಿನ ಸಲ ಬೇರೆಯದೇ ಕಾರಣಕ್ಕೆ ಕರೆ ಬಂದರೂ ಇನ್ನಷ್ಟು ಜೋರಾಗಿ ಎರಗುತ್ತವೆ.

"ನಮ್ಮತ್ತೆ ಥರ," ಎಂದ ಅವನು. "ಯಾರ್ ಮೇಲೆ ಸಿಟ್ಟು ಬಂದಿತ್ತು ಅನ್ನೋದು ಮರೆತೋಗಿರತ್ತೆ. ಆಮೇಲೆ ಬಾಗ್ಲು ತಟ್ಟಿದವನಿಗೆ ಬೀಳತ್ತೆ."

"ನಮ್ಮಮ್ಮನ್ನ ಆಸ್ಪತ್ರೆಗೆ ಎಳೀಬೇಡಿ," ಎಂದರು ಅತ್ತಿಗೆ.

ಡಾಕ್ಟರು ನಗು ತಡೆದುಕೊಂಡರು. ನನಗೆ ಒಂದು ಸಂಶಯ ಬಂತು. ಈ ಎರಡನೇ ಬಗೆಯ ಕಣಗಳನ್ನು ನಾನು ದಿನವೂ ಸೂಕ್ಷ್ಮದರ್ಶಕದಲ್ಲಿ ನೋಡುವುದುಂಟು. ಅವು ರಕ್ತದಲ್ಲಿ ಬದುಕುವುದು ಕೆಲವೇ ದಿನ. ಅಷ್ಟು ಅಲ್ಪಾಯುಷಿಗಳಲ್ಲಿ ವರ್ಷಗಟ್ಟಲೆ ನೆನಪು ಎಲ್ಲಿ ಕೂತಿರುತ್ತದೆ ಎಂದು ಕೇಳಿದೆ.

"ಮೂಳೆ ಒಳಗಿನ ಮಜ್ಜೇಲಿ. ಅವನ್ನ ಹುಟ್ಟಿಸೋ ತಾಯಿ ಕಣಗಳು ಅಲ್ಲಿರ್ತವೆ. ವಸಡಲ್ಲಿ ಹೊಗೆ ಆಡ್ತಾನೇ ಇದ್ರೆ ಆ ಸುದ್ದಿ ರಕ್ತದ ಮೂಲಕ ಮಜ್ಜೆಗೆ ಹೋಗತ್ತೆ. ತಾಯಿ ಕಣಗಳು ಅದಕ್ಕೆ ಒಗ್ಗಿ, ಹುಟ್ಟೋ ಮಕ್ಕಳನ್ನೇ ಸಿಡುಕರಾಗಿ ಹುಟ್ಟಿಸ್ತವೆ. ಆ ಸಿಡುಕರು ಬೆರಳಿನ ಕೀಲಿಗೆ ಬಂದಾಗ ಅಲ್ಲಿರೋ ಸಣ್ಣ ಜಗಳ ದೊಡ್ಡದಾಗತ್ತೆ. ಇಲಿಗಳಲ್ಲಿ ಇದನ್ನ ತೋರ್ಸಿದ್ದಾರೆ. ವಸಡಿನ ರೋಗ ಇರೋ ಇಲಿಯ ಮಜ್ಜೇನ ಆರೋಗ್ಯವಾಗಿರೋ ಇಲಿಗೆ ಹಾಕಿದ್ರೆ, ಅದಕ್ಕೂ ಕೀಲಿನ ಉರಿಯೂತ ಜೋರಾಗತ್ತೆ. ಮನುಷ್ಯರ ವಿಷಯದಲ್ಲಿ ನಾನು ಇಷ್ಟು ಗಟ್ಟಿಯಾಗಿ ಹೇಳಲ್ಲ. ನಿಮ್ಮ ವಿಷಯದಲ್ಲಿ, ಇರಬಹುದು ಅಂತೀನಿ, ಅಷ್ಟೇ."

"ಅಂದ್ರೆ ಅದು ಕೆಟ್ಟದ್ದಾ, ಈ ನೆನಪು?"

"ಕೆಟ್ಟದ್ದೇನಲ್ಲ. ನಿಮ್ಮ ಮೊಮ್ಮಗಳಿಗೆ ಕ್ಷಯದ ಲಸಿಕೆ ಹಾಕ್ಸಿದ್ದಾರಾ? ಅದು ಒಂದೇ ರೋಗಕ್ಕೆ ಅಂತ ಮಾಡಿದ್ದು. ಎಷ್ಟೋ ಕಡೆ ಅದನ್ನ ಹಾಕಿಸ್ಕೊಂಡ ಕೂಸುಗಳು ಬೇರೆ ಸೋಂಕುಗಳನ್ನೂ ಚೆನ್ನಾಗಿ ತಡ್ಕೊಂಡಿವೆ. ಅಲ್ಲೂ ಇದೇ ನೆನಪು ಕೆಲಸ ಮಾಡತ್ತೆ ಅಂತ ಲೆಕ್ಕ. ಕೂಸಿಗೆ ಕಾವಲು, ನಿಮಗೆ ಕಾಟ."

ಅವನು ಸ್ವಲ್ಪ ಹೊತ್ತು ತನ್ನ ಕೈಗಳನ್ನು ನೋಡಿಕೊಂಡ. "ಆ ಸಿಟ್ಟು ಇಳಿಯತ್ತಾ?"

"ಕೆಣಕೋದು ನಿಲ್ಸಿದ್ರೆ ನಿಧಾನಕ್ಕೆ ಇಳೀಬಹುದು. ಎಷ್ಟು, ಯಾವಾಗ, ನನಗೆ ಗೊತ್ತಿಲ್ಲ. ಮಾತ್ರೆ ಬಿಡೋ ಹಾಗಿಲ್ಲ. ವಸಡು ಪೂರ್ತಿ ವಾಸಿ ಮಾಡ್ಕೊಳ್ಳಿ. ಮೊಳೆ ಇನ್ನು ಬಾಯಿಗೆ ಹೋಗಬಾರದು, ಒಂದೂ."

ಮನೆಗೆ ಬರುವ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ತಿರುಗಿ ಕೂತಿದ್ದ. ಅವನ ತಲೆಯಲ್ಲಿ ಏನಿತ್ತೆಂದು ನನಗೂ ಅತ್ತಿಗೆಗೂ ಗೊತ್ತಿತ್ತು. ಕೈ ಉಳಿಯಬೇಕಾದರೆ, ಆ ಕೈ ಇಷ್ಟು ವರ್ಷ ಕೆಲಸ ಮಾಡಿದ ರೀತಿಯನ್ನೇ ಬಿಡಬೇಕು. ಬಿಟ್ಟರೆ ಆ ಕೈಗೆ ಕೆಲಸ ಬರುತ್ತದೋ ಇಲ್ಲವೋ ಯಾರಿಗೆ ಗೊತ್ತು?

ವಸಡಿನ ಚಿಕಿತ್ಸೆ ಕೆಲವು ತಿಂಗಳು ನಡೆಯಿತು. ಕೆರೆದು ತೊಳೆದರು, ಒಂದೆರಡು ಹಲ್ಲು ತೆಗೆದರು. ಡಬ್ಬಿಯ ಹಳೆಯ ಮೊಳೆಗಳನ್ನೆಲ್ಲ ಅತ್ತಿಗೆ ಗುಜರಿಗೆ ಹಾಕಿದರು. ಅವನು ಹೊಸ ದಾರಿಗಳನ್ನು ಹುಡುಕಿದ. ಮಣಿಕಟ್ಟಿಗೆ ಅಯಸ್ಕಾಂತದ ಪಟ್ಟಿ ಕಟ್ಟಿಕೊಂಡು ಅದಕ್ಕೆ ಮೊಳೆ ಅಂಟಿಸಿದ. ಮೊಳೆಗಳು ಮುಳ್ಳುಹಂದಿಯ ಹಾಗೆ ದಿಕ್ಕುದಿಕ್ಕಿಗೆ ನಿಂತವು. ಪಕ್ಕದ ಸ್ಟೂಲಿನ ಮೇಲೆ ತಟ್ಟೆ ಇಟ್ಟ. ತಟ್ಟೆಯತ್ತ ಕಣ್ಣು ಹೊರಳಿಸಿದಾಗಲೆಲ್ಲ ಎಡಗೈಯ ಬಟ್ಟೆ ಸಡಿಲವಾಯಿತು. ಆ ದಿನಗಳಲ್ಲಿ ಕಟ್ಟಿದ ಒಂದು ಕುರ್ಚಿಯ ಮೇಲೆ ಕೂತು ನೋಡಿ ನಾನು ಚೆನ್ನಾಗಿದೆ ಎಂದೆ.

"ಎದ್ದೇಳು," ಎಂದ. "ನಿನಗೆ ರಕ್ತ ಬಿಟ್ರೆ ಏನೂ ಗೊತ್ತಿಲ್ಲ." ಅದನ್ನು ಪೂರ್ತಿ ಬಿಚ್ಚಿಬಿಟ್ಟ.

ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಏನೋ ಕೇಳಿದೆ. ಅವನು ತಲೆಯಾಡಿಸಿದ, ಅಷ್ಟೇ. ಹೊಲಿಗೆಯಂತ್ರದ ಸದ್ದು ನಿಂತಿತು. ಅತ್ತಿಗೆ ಒಳಗಿಂದ ಬಂದು ಅವನೆದುರು ನಿಂತು ಅಂಗೈ ಚಾಚಿದರು, ಮಗು ಗುಂಡಿ ಬಾಯಿಗೆ ಹಾಕಿಕೊಂಡಾಗ ತಾಯಿ ಚಾಚುವಂತೆ. ಅವನು ಅವರನ್ನು ನೋಡಿದ, ನನ್ನನ್ನು ನೋಡಿದ. ಮೊಳೆಗಳನ್ನು ಅವರ ಅಂಗೈಗೆ ಉಗಿದ.

ಅತ್ತಿಗೆ ಬೈಯುತ್ತಾರೆ ಎಂದುಕೊಂಡೆ. ಅವರು ಮೊಳೆ ತೊಳೆದುಕೊಂಡು ಬಂದು, ಸ್ಟೂಲನ್ನು ಅವನ ಪಕ್ಕಕ್ಕೆ ಎಳೆದು ಕೂತರು. ಒಂದು ಮೊಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ, ತಲೆ ಹೊರಗೆ ಬರುವಂತೆ ಹಿಡಿದು, ಸರಿಯಾಗಿ ಅವನ ಗದ್ದದ ಎತ್ತರಕ್ಕೆ ತಂದರು.

"ತಗೊಳ್ಳಿ."

"ನಿನ್ ಹೊಲಿಗೆ ಯಾರು ಮಾಡ್ತಾರೆ?"

"ಹೊಲಿಗೆ ಬೆಳಿಗ್ಗೆ, ಮೊಳೆ ಮಧ್ಯಾಹ್ನ. ತಗೊಳ್ಳಿ ಅಂದೆ. ಬೆರಳಿಗೆ ಸುತ್ತಿಗೆ ತಾಗಿದ್ರೆ ಮಾತ್ರ ಅಮ್ಮನ್ನ ಕರೆಸ್ತೀನಿ."

ಮೊದಲ ವಾರ ನಿಧಾನ. ಅವರು ಮೊಳೆಯನ್ನು ತೀರಾ ಬೇಗ ಚಾಚುತ್ತಿದ್ದರು ಇಲ್ಲವೇ ತಡವಾಗಿ ಚಾಚುತ್ತಿದ್ದರು. ಮೊಳೆಗಳು ನೆಲದ ತುಂಬ ಬಿದ್ದಿರುತ್ತಿದ್ದವು; ನಾನು ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗುತ್ತಿದ್ದೆ. ಆಮೇಲೆ ಅವರ ಕೈಗೂ ಅವನ ಸುತ್ತಿಗೆಗೂ ಒಂದು ಲಯ ಕೂಡಿಬಂತು. ಬೆರಳು, ಮರ, ಬೆರಳು, ಮರ. ಮೊದಲಿನಷ್ಟು ವೇಗವಿಲ್ಲ. ಆದರೆ ಬಟ್ಟೆ ಸಡಿಲವಾಗಲಿಲ್ಲ.

ಬಾಯಿ ಖಾಲಿಯಾದದ್ದರ ಪರಿಣಾಮವನ್ನು ನಾವ್ಯಾರೂ ಎಣಿಸಿರಲಿಲ್ಲ. ಅವನು ಮಾತಾಡಲು ಶುರುಮಾಡಿದ. ಮೊದಲು ಮೊಳೆ, ಮರ, ಸ್ಪ್ರಿಂಗುಗಳ ಬಗ್ಗೆ. ಆಮೇಲೆ ಅಪ್ಪನ ಬಗ್ಗೆ. ಸೋಫಾಗಳ ಸಂದಿಯಲ್ಲಿ ಸಿಕ್ಕ ಬಾಚಣಿಗೆ, ಹಲ್ಲುಸೆಟ್ಟು, ಮೂಗುತಿಗಳ ಬಗ್ಗೆ, ಅವುಗಳನ್ನು ವಾಪಸು ಕೊಡಲು ಹೋದಾಗ ಕೆಲವು ಮನೆಗಳಲ್ಲಿ ಎದ್ದ ಗಲಾಟೆಗಳ ಬಗ್ಗೆ. ಒಬ್ಬರು ಕುರ್ಚಿಯಲ್ಲಿ ಎಡಕ್ಕೆ ವಾಲಿ ಕೂರುತ್ತಾರೋ ಬಲಕ್ಕೋ ಎಂಬುದರಿಂದ ಅವರ ಮನೆಯಲ್ಲಿ ಟಿವಿ ಎಲ್ಲಿದೆ ಎಂದು ಹೇಳುತ್ತಿದ್ದ. ಡಾಕ್ಟರು ಹೇಳಿದ್ದನ್ನು ಬೀದಿಯವರಿಗೆಲ್ಲ ತನ್ನದೇ ರೀತಿಯಲ್ಲಿ ವಿವರಿಸುತ್ತಿದ್ದ.

"ಕುರ್ಚಿಗೂ ಹಾಗೇ ಕಣೋ. ಯಾರು ಕೂತಿದ್ರು ಅಂತ ಗೊತ್ತಿರಲ್ಲ, ಎಷ್ಟು ಭಾರ ಅಂತ ಗೊತ್ತಿರತ್ತೆ."

"ಕುರ್ಚಿ ಕುಸಿಯತ್ತೆ," ಎಂದೆ. "ಈ ಕಣಗಳು ಉಲ್ಟಾ. ಕೂತಷ್ಟೂ ಮೇಲಕ್ಕೆ ಎಗರ್ತವೆ."

"ಹಾಗಾದ್ರೆ ಸ್ಪ್ರಿಂಗ್ ಅನ್ನು. ನೀನು ಉದಾಹರಣೆ ಹಾಳು ಮಾಡಬೇಡ."

ಒಳಗಿಂದ ಅತ್ತಿಗೆಯ ದನಿ: "ನೀವಾದ್ರೂ ಸ್ವಲ್ಪ ಕೇಳ್ಕೊಳ್ಳಿ ಸೂಜಿ, ನನ್ನ ಕಿವಿಗೆ ರಜೆ ಕೊಡಿ. ಇಷ್ಟು ವರ್ಷದ್ದೂ ಒಳಗೆ ಕೂಡಿಟ್ಟಿದ್ರು ಅಂತ ಯಾರಿಗೆ ಗೊತ್ತಿತ್ತು."

ಅವರಿಬ್ಬರೂ ಜಗಳವನ್ನೂ ಕಲಿತರು. ನೂಲಿನ ಬಣ್ಣಕ್ಕೆ, ಪಟ್ಟಿಯ ಅಗಲಕ್ಕೆ, ಬೆಳಿಗ್ಗೆ ಕಿಟಕಿ ಯಾರು ತೆರೆಯಬೇಕು ಎಂಬುದಕ್ಕೆ. ಸುತ್ತಿಗೆ ಬೆರಳಿಗೂ ಮರಕ್ಕೂ ಲಯ ತಪ್ಪದೆ ಹೋಗಿಬರುತ್ತಿರುವಾಗಲೇ ಬಾಯಿ ಜಗಳವಾಡುತ್ತಿತ್ತು. ಅತ್ತಿಗೆಯ ಮುಖದಲ್ಲಿ ಅಂಥ ಹುರುಪನ್ನು ನಾನು ಮೊದಲು ಕಂಡಿರಲಿಲ್ಲ.

ನಾನು ಆಗಾಗ ಅವನ ರಕ್ತ ತೆಗೆಯುತ್ತಿದ್ದೆ. ಪ್ರತಿ ಸಲ ಉರಿಯೂತ ಸ್ವಲ್ಪ ಕೆಳಗೆ. ಎರಡು ಬೆರಳು ಸೊಟ್ಟಗೇ ಉಳಿದವು. ಉಳಿದ ಗೆಣ್ಣುಗಳ ಊತ ಇಳಿಯಿತು. ಬೆಳಗಿನ ಬಿಸಿನೀರಿನ ಬೋಗುಣಿ ಹಿತ್ತಲಿಗೆ ಹೋಯಿತು. ಮಾತ್ರೆಯಿಂದ ಎಷ್ಟು, ವಸಡಿನಿಂದ ಎಷ್ಟು, ಯಾರೂ ಪಾಲು ಮಾಡಿ ಹೇಳಲಾರರು. ಡಾಕ್ಟರೂ ಹೇಳಲಿಲ್ಲ. ಕುತೂಹಲಕ್ಕೆಂದು ಅವನ ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಹರಡಿ, ಬಣ್ಣ ಕೊಟ್ಟು ಬಹಳ ಹೊತ್ತು ನೋಡಿದೆ. ಬಿಳಿ ಕಣಗಳು ಎಲ್ಲರಲ್ಲಿರುವಂತೆಯೇ ಇದ್ದವು, ದುಂಡಗೆ, ನೇರಳೆಯಾಗಿ. ಅವು ಏನನ್ನು ನೆನಪಿಟ್ಟುಕೊಂಡಿವೆ ಎಂಬುದು ನನ್ನ ಗಾಜಿನಲ್ಲಿ ಕಾಣುವುದಿಲ್ಲ.

ನಾಟಕಮಂದಿರದವರು ಇನ್ನೂ ಯಾರನ್ನೂ ಗೊತ್ತುಮಾಡಿರಲಿಲ್ಲ. ಈ ಸಲ ಅವನೇ ಹೋಗಿ ಒಪ್ಪಿಕೊಂಡು ಬಂದ. ಸೀಟುಗಳು ಸಾಲುಸಾಲಾಗಿ ಬಂದು ಅಂಗಡಿ ತುಂಬಿ, ಮೆಟ್ಟಿಲ ಕೆಳಗೆ ತುಂಬಿ, ನನ್ನ ಲ್ಯಾಬಿನ ಬಾಗಿಲವರೆಗೂ ಹತ್ತಿದವು. ರಕ್ತ ಕೊಡಲು ಬಂದವರು ಅವುಗಳ ಮೇಲೆ ಕೂತು ಕಾಯುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಆ ವರ್ಷವೆಲ್ಲ ಅದನ್ನೇ ಕಟ್ಟಿದರು. ನ್ಯಾಯವಾಗಿ ಹೇಳಬೇಕೆಂದರೆ, ಆ ಕೆಲಸದ ನಡುವೆ ಒಮ್ಮೆ ಅವನ ಮಣಿಕಟ್ಟು ಮತ್ತೆ ಊದಿತ್ತು; ಎರಡು ವಾರ ಸುತ್ತಿಗೆ ಮುಟ್ಟಲಿಲ್ಲ. ಡಾಕ್ಟರು ಮಾತ್ರೆ ಸ್ವಲ್ಪ ಹೆಚ್ಚಿಸಿದರು. ಇಳಿಯಿತು.

ಮಂದಿರ ತೆರೆದ ದಿನ ಮೂವರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಅವನು ನಾಟಕ ನೋಡಲಿಲ್ಲ, ಕೂತವರ ಬೆನ್ನು ನೋಡಿದ. "ಮೂರನೇ ಸಾಲಿನೋನು ನೋಡು, ಹೇಗೆ ಒರಗಿದ್ದಾನೆ. ಅದು ನಾನು ಕೊಟ್ಟ ಇಳಿಜಾರು." ಬಾಗಿಲು ಕಾಯುವ ಹೆಂಗಸು ಬಂದು, ಸ್ವಾಮಿ, ಮಾತು ಕಡಿಮೆ ಮಾಡಿ ಎಂದಳು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮದುವೆಯಾದಾಗಿನಿಂದ ಯಾರಾದರೂ ಅವನಿಗೆ ಆ ಮಾತು ಹೇಳಲಿ ಎಂದು ಕಾಯುತ್ತಿದ್ದರಂತೆ.

ಹಾಗೆ ಆರೇಳು ವರ್ಷ ಹೋದವು. ಅವನ ಬದುಕಿನ ಒಳ್ಳೆಯ ವರ್ಷಗಳು ಅವು ಎಂದು ಅವನೇ ಹೇಳುತ್ತಿದ್ದ. ನನ್ನ ಬದುಕಿನಲ್ಲಿಯೂ.

ಅವನು ತೀರಿಕೊಂಡದ್ದು ಹೃದಯದಿಂದ. ಬೆಳಿಗ್ಗೆಯೆಲ್ಲ ಒಂದು ದೊಡ್ಡ ಒರಗುಸೋಫಾದ ಕೆಲಸ ಮಾಡಿ, ಊಟ ಮಾಡಿ, ಅಂಗಡಿಯ ಹಿಂದಿನ ಮಂಚದ ಮೇಲೆ ಸ್ವಲ್ಪ ಅಡ್ಡಾಗುತ್ತೇನೆ ಎಂದು ಮಲಗಿದವನು ಏಳಲಿಲ್ಲ. ಅತ್ತಿಗೆಯ ದನಿ ಕೇಳಿ ನಾನು ಕೆಳಗೆ ಓಡಿದೆ. ರಕ್ತ ತೆಗೆಯಲೆಂದು ಎಷ್ಟೋ ಸಲ ಹಿಡಿದ ಮಣಿಕಟ್ಟನ್ನು ಹಿಡಿದು ನೋಡಿದೆ. ಬೆರಳುಗಳು ಸಡಿಲವಾಗಿ, ಅರ್ಧ ತೆರೆದು, ಹಾಸಿಗೆಯ ಮೇಲೆ ಹಾಯಾಗಿ ಬಿದ್ದಿದ್ದವು.

ಕೆಲವು ವಾರಗಳಾದ ಮೇಲೆ ಕೀಲುಗಳ ಡಾಕ್ಟರನ್ನು ನೋಡಿ, ಆ ಹಳೆಯ ಸಿಟ್ಟೇ ಹೃದಯಕ್ಕೂ ಹೋಯಿತೇ ಎಂದು ಕೇಳಿದೆ. ವರ್ಷಗಟ್ಟಲೆ ಉರಿಯೂತ ಇದ್ದವರ ರಕ್ತನಾಳಗಳಲ್ಲೂ ಅವೇ ಕಣಗಳು ಹೋಗಿ ಕೂರುವುದುಂಟು, ಅವನ ವಿಷಯದಲ್ಲಿ ಹಾಗೇ ಆಯಿತೆಂದು ಹೇಳಲು ಬರುವುದಿಲ್ಲ ಎಂದರು. ಆಮೇಲೆ, "ಆ ಬೆರಳುಗಳು ಇನ್ನೂ ಕೆಲಸ ಮಾಡ್ತಿದ್ವಾ?" ಎಂದು ಕೇಳಿದರು.

ಮಾಡುತ್ತಿದ್ದವು ಎಂದೆ.

ಮಗಳು ಬಂದು ಇದ್ದು ಹೋದಮೇಲೆ ಅತ್ತಿಗೆ ಅಂಗಡಿ ತೆರೆದರು. ಸೋಫಾದ ಯಜಮಾನರು, ಅವಸರವಿಲ್ಲಮ್ಮ, ಹಾಗೇ ಕೊಟ್ಟರೂ ಆಗುತ್ತದೆ ಎಂದು ಹೇಳಿ ಕಳಿಸಿದ್ದರು. ಅತ್ತಿಗೆ ಒಪ್ಪಲಿಲ್ಲ. ನನ್ನನ್ನು ಕೆಳಗೆ ಕರೆದರು.

ಸೋಫಾ ಬೆನ್ನು ನಮ್ಮ ಕಡೆ ಮಾಡಿ ನಿಂತಿತ್ತು. ಹಿಂಬದಿಯ ಹೊರಬಟ್ಟೆ ಮಾತ್ರ ಬಾಕಿ. ಆ ಬಟ್ಟೆ ಬರುವ ತನಕ ಒಳಗಿನದೆಲ್ಲ ಕಾಣುತ್ತದೆ: ಗೋಣಿಬಟ್ಟೆ, ಮರದ ಚೌಕಟ್ಟು, ಅವನು ಕೊನೆಯದಾಗಿ ಹೊಡೆದ ಮೊಳೆಗಳ ಸಾಲು.

"ಒಂದ್ಸಲ ಕೈಯಾಡ್ಸಿ ನೋಡಿ," ಎಂದರು ಅತ್ತಿಗೆ.

ಬೆರಳಿನಿಂದ ಸವರಿಕೊಂಡು ಹೋದೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೊಳೆಯ ತಲೆಗಳು ಒಂದೇ ಮಟ್ಟದಲ್ಲಿ, ಒಂದೇ ಅಂತರದಲ್ಲಿದ್ದವು. ಎಲ್ಲೂ ಎತ್ತರ ತಗ್ಗು ಇಲ್ಲ, ಬಟ್ಟೆ ಎಲ್ಲೂ ಸುಕ್ಕಿಲ್ಲ.

"ಒಂದೂ ಬಗ್ಗಿಲ್ಲ," ಎಂದೆ.

"ಹ್ಞೂ. ನಾನೂ ಅದನ್ನೇ ನೋಡ್ದೆ." ಅವರು ಹೊಲಿದಿಟ್ಟಿದ್ದ ಬಟ್ಟೆಯನ್ನು ಬಿಡಿಸಿ ಸೋಫಾದ ಬೆನ್ನಿಗೆ ಹಿಡಿದರು. "ಇನ್ನು ಮುಚ್ತೀನಿ. ಈ ಅಂಚು ಹಿಡ್ಕೊಳ್ಳಿ, ಬಿಗಿಯಾಗಿ."

ನಾನು ಅಂಚು ಎಳೆದು ಹಿಡಿದೆ. ಅವರು ಬಾಗಿದ ಸೂಜಿಗೆ ನೂಲು ಪೋಣಿಸಿಕೊಂಡು ಕೆಳಗಿನ ಮೂಲೆಯಿಂದ ಶುರುಮಾಡಿದರು. ಹೊಲಿಗೆ ಮೇಲಕ್ಕೇರಿದ ಹಾಗೆ ಮೊಳೆಗಳು ಬಟ್ಟೆಯ ಹಿಂದೆ ಸರಿದವು. ಸಂಜೆಗೆ ಮೊದಲೇ ಮುಗಿಯಿತು.